ಸಂತೆಯ ವಾಹನಕ್ಕೆ ಸೌರವಿದ್ಯುತ್: ಅಲ್ಪವೆಚ್ಚದ ಒಂದು ಜೋಡಣೆ

ಶಾಂತಿಸಾಗರವೆಂದೂ ಕರೆಯಲ್ಪಡುವ ಸೂಳೆಕೆರೆಗೆ ಸಮೀಪದ ಕೆರೆಬಿಳಚಿಯಂತಹ ಊರುಗಳಲ್ಲಿ ಚಿಕ್ಕ ಸರಕುವಾಹನವೇ ಎಷ್ಟೋ ಕುಟುಂಬಗಳ ಅಂಗಡಿಯಾಗಿದೆ. ಬಟ್ಟೆ, ಬಳೆ, ಪಾತ್ರೆ, ತರಕಾರಿ, ಮೀನು ಇವೆಲ್ಲವೂ ಅದರಲ್ಲೇ ಸಂತೆಯಿಂದ ಸಂತೆಗೆ ಸಾಗುತ್ತವೆ. ಅದರ ಹಿಂಬಾಗಿಲನ್ನು ಇಳಿಸಿದರೆ ವ್ಯಾಪಾರ ಆರಂಭವಾಗುತ್ತದೆ. ಕತ್ತಲಾದ ಮೇಲೆ ಎರಡು ದೀಪ, ಸೆಕೆಯ ದಿನಗಳಲ್ಲಿ ಒಂದು ಪಂಖ, ತೂಕದ ಯಂತ್ರ, ಕೂಗಿ ಕರೆಯಲು ಧ್ವನಿವರ್ಧಕ, ಈಗಿನ ಕಾಲದಲ್ಲಿ ಹಣ ಸಂದಾಯಕ್ಕೂ ಬೇಕಾದ ಮೊಬೈಲು, ಇವಿಷ್ಟಕ್ಕೆ ವಿದ್ಯುತ್ತು ಬೇಕು. ವ್ಯಾಪಾರಿಯು ಸಾಮಾನ್ಯವಾಗಿ ಅದನ್ನು ವಾಹನದ ಬ್ಯಾಟರಿಯಿಂದಲೇ ಎಳೆಯುತ್ತಾನೆ. ರಾತ್ರಿ ಒಂಬತ್ತಕ್ಕೆ ಸರಕನ್ನು ಕಟ್ಟಿ ಕೀಲಿಕೈ ತಿರುಗಿಸಿದಾಗ ಸೆಲ್ಫ್ ಮೋಟಾರು ಒಮ್ಮೆ ನರಳಿ ಸುಮ್ಮನಾಗುತ್ತದೆ. ನಾಲ್ಕು ಜನರನ್ನು ಕೂಗಿ ವಾಹನವನ್ನು ತಳ್ಳಿಸುವುದು ಒಂದು ಕಷ್ಟವಾದರೆ, ವರ್ಷ ತುಂಬುವುದರೊಳಗೆ ಆ ಬ್ಯಾಟರಿಯೇ ಗುಜರಿಗೆ ಸೇರುವುದು ಇನ್ನೊಂದು ಕಷ್ಟ. ಹಲವು ಸಂತೆಗಳ ಲಾಭವನ್ನು ಒಂದು ಬ್ಯಾಟರಿ ನುಂಗಿಬಿಡುತ್ತದೆ.

ಇದಕ್ಕೆ ಕಾರಣವು ಬ್ಯಾಟರಿಯ ರಚನೆಯಲ್ಲಿಯೇ ಇದೆ. ಎಂಜಿನನ್ನು ಚಾಲೂ ಮಾಡುವ ಬ್ಯಾಟರಿಯ ಸೀಸದ ಫಲಕಗಳು ತೆಳುವಾಗಿದ್ದು ಸಂಖ್ಯೆಯಲ್ಲಿ ಹೆಚ್ಚಿರುತ್ತವೆ. ಕೆಲವೇ ಕ್ಷಣಗಳ ಕಾಲ ನೂರಕ್ಕೂ ಮೀರಿದ ಆಂಪಿಯರ್ ಕೊಟ್ಟು, ಕೂಡಲೇ ಎಂಜಿನಿನ ಆಲ್ಟರ್ನೇಟರಿನಿಂದ ಅದನ್ನು ಮರಳಿ ಪಡೆಯುವುದು ಅದರ ಧರ್ಮ. ಗಂಟೆಗಟ್ಟಲೆ ಸ್ವಲ್ಪಸ್ವಲ್ಪವಾಗಿ ಬಸಿದು ಬರಿದು ಮಾಡಿದರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಅದು ಪೂರ್ತಿ ಕರಗದು. ಆದುದರಿಂದ ಮೊದಲನೆಯ ನಿಯಮವೆಂದರೆ, ಅಂಗಡಿಯ ಬಳಕೆಗೆ ಎರಡನೆಯ ಬ್ಯಾಟರಿಯೊಂದನ್ನು ಇಟ್ಟು ಅದನ್ನು ಬಿಸಿಲಿನಿಂದ ತುಂಬಿಸುವುದು. ವಾಹನದ ಬ್ಯಾಟರಿಯನ್ನು ವಾಹನಕ್ಕೇ ಬಿಡತಕ್ಕದ್ದು.

ಸೌರಶಕ್ತಿಯ ಹೆಸರೆತ್ತಿದೊಡನೆ ಕೆಲವರು ವಾಹನವೇ ಬಿಸಿಲಿನಿಂದ ಓಡೀತೆಂದು ಕನಸು ಕಾಣುವುದುಂಟು. ಕನ್ನಡನಾಡಿನ ಮಟ್ಟಿಗೆ ಅದು ಬರಿಯ ಕನಸಾಗಿಯೂ ಉಳಿದಿಲ್ಲ. 1990ರಲ್ಲಿ ಅಮೆರಿಕದ ಸೌರಕಾರುಗಳ ಸ್ಪರ್ಧೆಯಲ್ಲಿ ಗೆದ್ದು, ಅದೇ ವರ್ಷ ಆಸ್ಟ್ರೇಲಿಯದ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆದ ಮಿಶಿಗನ್ ವಿಶ್ವವಿದ್ಯಾನಿಲಯದ ತಂಡದಲ್ಲಿದ್ದ ಬೆಂಗಳೂರಿನ ಚೇತನ್ ಮೈನಿಯವರು ಮುಂದೆ 2001ರಲ್ಲಿ ರೇವಾ ಎಂಬ ವಿದ್ಯುತ್ ಕಾರನ್ನು ಪೇಟೆಗೆ ತಂದರು. 2016ರ ಫೆಬ್ರವರಿಯಲ್ಲಿ ನವೀನ್ ರಾಬೆಲ್ಲಿ ಎಂಬ ಎಂಜಿನಿಯರರು ತಾವೇ ಮಾರ್ಪಡಿಸಿದ, ಚಾವಣಿಯ ಮೇಲೆ ಸೌರಫಲಕಗಳಿದ್ದ 'ತೇಜಸ್' ಎಂಬ ವಿದ್ಯುತ್ ಆಟೋರಿಕ್ಷಾದಲ್ಲಿ ಬೆಂಗಳೂರಿನಿಂದ ಹೊರಟು, ನಡುವೆ ಸಮುದ್ರವನ್ನು ಹಡಗಿನಲ್ಲಿ ದಾಟಿ, ಏಳು ತಿಂಗಳ ಬಳಿಕ ಲಂಡನ್ ತಲುಪಿದರು. ಆ ವಾಹನವೂ ಕೇವಲ ಫಲಕಗಳನ್ನು ನಂಬಿರಲಿಲ್ಲ. ದಾರಿಯುದ್ದಕ್ಕೂ ವಿದ್ಯುಜ್ಜಾಲದಿಂದಲೂ ಚಾರ್ಜು ಪಡೆಯುತ್ತಿತ್ತು.

ಡೀಸೆಲ್ ವಾಹನದ ಲೆಕ್ಕವೇ ಬೇರೆ. ನಡುಹಗಲಿನ ತಿಳಿಯಾದ ಬಿಸಿಲು ಒಂದು ಚದರ ಮೀಟರಿನ ಮೇಲೆ ಸುರಿಯುವ ಶಕ್ತಿ ಸುಮಾರು 1000 ವಾಟ್. ಇಂದಿನ ಉತ್ತಮ ಫಲಕವು ಅದರಲ್ಲಿ ಐದನೆಯ ಒಂದು ಭಾಗವನ್ನು, ಎಂದರೆ 200 ವಾಟ್‌ಗಳನ್ನು ವಿದ್ಯುತ್ತಾಗಿ ಕೊಡುತ್ತದೆ. ಒಂದು ಅಶ್ವಶಕ್ತಿಗೆ 746 ವಾಟ್. ಸಣ್ಣ ಟೆಂಪೊವಿನ ಮೇಲೆ ಒಂದೆರಡು ಫಲಕ ಹೊದಿಸಿದರೆ ದೊರೆಯುವುದು ಅರ್ಧ ಕುದುರೆಯ ಬಲ. ಎಂಜಿನಿಗೆ ಬೇಕಾದುದು ಹದಿನೈದಿಪ್ಪತ್ತು ಕುದುರೆಗಳದು. ಭಾರತೀಯ ರೈಲ್ವೆಯು 2017ರ ಜುಲೈಯಲ್ಲಿ ದೆಹಲಿಯಲ್ಲಿ ಓಡಿಸಿದ ಸೌರಫಲಕದ ರೈಲು ಈ ಮಾತಿಗೆ ಒಳ್ಳೆಯ ನಿದರ್ಶನ. ಆರು ಬೋಗಿಗಳ ಮೇಲೆ 300 ವಾಟಿನ 16 ಫಲಕಗಳಂತೆ ಜೋಡಿಸಿದರೂ ಅವುಗಳ ಒಟ್ಟು ಬಲವು 1600 ಅಶ್ವಶಕ್ತಿಯ ಆ ರೈಲಿನ ನೂರರಲ್ಲಿ ಎರಡೂವರೆ ಭಾಗವನ್ನೂ ಮುಟ್ಟದು. ರೈಲನ್ನು ಎಳೆದದ್ದು ಡೀಸೆಲ್ಲೇ; ದೀಪ ಮತ್ತು ಪಂಖಗಳ ಭಾರವನ್ನು ಮಾತ್ರ ಸೂರ್ಯನು ಹೊತ್ತನು. ಸಂತೆಯ ವಾಹನದಲ್ಲಿಯೂ ಸೂರ್ಯನಿಂದ ಅಪೇಕ್ಷಿಸತಕ್ಕದ್ದು ಇಷ್ಟನ್ನೇ.

ಈಗ ಅಗತ್ಯದ ಲೆಕ್ಕ. ಅಂಗಡಿಯವನು ಹೇಳುವ ಮೊದಲು ವ್ಯಾಪಾರಿಯು ತಾನೇ ಕಾಗದದ ಮೇಲೆ ಇದನ್ನು ಬರೆದುಕೊಳ್ಳುವುದು ಲೇಸು. 9 ವಾಟಿನ ಎರಡು ಎಲ್‌ಇಡಿ ದೀಪಗಳು ನಾಲ್ಕು ಗಂಟೆ ಉರಿದರೆ 72 ವಾಟ್-ಗಂಟೆ, 20 ವಾಟಿನ 12 ವೋಲ್ಟ್ ಪಂಖ ಐದು ಗಂಟೆ ತಿರುಗಿದರೆ 100, ಎರಡು ಮೊಬೈಲುಗಳಿಗೆ 30, ಧ್ವನಿವರ್ಧಕಕ್ಕೆ 30, ತೂಕದ ಯಂತ್ರಕ್ಕೆ 8. ಒಟ್ಟು 240 ವಾಟ್-ಗಂಟೆ. ಇದನ್ನು 12ರಿಂದ ಭಾಗಿಸಿದರೆ ದಿನಕ್ಕೆ 20 ಆಂಪಿಯರ್-ಗಂಟೆಗಳು ಬೇಕೆಂದಾಯಿತು.

100 ವಾಟಿನ, 36 ಕೋಶಗಳ ಫಲಕವು ಪೂರ್ಣ ಬಿಸಿಲಿನಲ್ಲಿ ಸುಮಾರು 18 ವೋಲ್ಟಿನಲ್ಲಿ ಐದೂವರೆ ಆಂಪಿಯರ್ ಕೊಡುತ್ತದೆ. ಬೆಳಗಿನಿಂದ ಸಂಜೆಯವರೆಗಿನ ಬಿಸಿಲನ್ನೆಲ್ಲ ಒಟ್ಟುಗೂಡಿಸಿದರೆ ಈ ಸೀಮೆಯ ಒಣ ತಿಂಗಳುಗಳಲ್ಲಿ ಅದು ಐದು ಗಂಟೆಗಳ ನಡುಹಗಲಿನ ಬಿಸಿಲಿಗೆ ಸಮವೆಂದು ಧೈರ್ಯವಾಗಿ ಹಿಡಿಯಬಹುದು. ಅಂದರೆ 27 ಆಂಪಿಯರ್-ಗಂಟೆ; ಧೂಳು, ನೆರಳು, ಬ್ಯಾಟರಿಯೊಳಗಿನ ನಷ್ಟ ಇವುಗಳಿಗಾಗಿ ಐದರಲ್ಲೊಂದು ಪಾಲು ಕಳೆದರೆ ಉಳಿಯುವುದು 22. ಅಗತ್ಯವು 20; ಹೊಂದಿತು. ಮುಂಗಾರಿನ ಮೋಡದ ದಿನಗಳಲ್ಲಿ ಐದು ಗಂಟೆಯ ಬಿಸಿಲು ಮೂರಕ್ಕೆ ಇಳಿದು, ಕೈಗೆ ಸಿಗುವುದು 13 ಆಂಪಿಯರ್-ಗಂಟೆ ಮಾತ್ರ. ಅದೃಷ್ಟವಶಾತ್ ಮಳೆಗಾಲದಲ್ಲಿ ಪಂಖದ ಅವಶ್ಯಕತೆ ಇಲ್ಲ. ಅದನ್ನು ಬಿಟ್ಟರೆ ಖರ್ಚು 12ಕ್ಕಿಂತ ಕಡಿಮೆ. ಆದುದರಿಂದ ಇಷ್ಟು ಬಳಕೆಗೆ ಒಂದು 100 ವಾಟಿನ ಫಲಕ ಸಾಕು. ದೊಡ್ಡದು ಒಳ್ಳೆಯದೆಂದು ಮೂರು ಫಲಕಗಳನ್ನು ಕೊಳ್ಳುವುದು ಹಣವನ್ನು ಚಾವಣಿಯ ಮೇಲೆ ಒಣಹಾಕಿದಂತೆ.

ಬ್ಯಾಟರಿಯ ಆಯ್ಕೆಯಲ್ಲಿಯೇ ಬಹುಮಂದಿ ಸೋಲುವುದು. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದು ಮಾಡಬಾರದು. ಆದುದರಿಂದ ದಿನಕ್ಕೆ 20 ಬೇಕಾದರೆ 40 ಆಂಪಿಯರ್-ಗಂಟೆಯದು ಕನಿಷ್ಠ, ಎರಡು ದಿನದ ಮೋಡಕ್ಕೆ ತಡೆಯಬೇಕಾದರೆ 80. ಮನೆಯ ಇನ್ವರ್ಟರಿಗೆ ಬಳಸುವ ಎತ್ತರದ ಟ್ಯೂಬುಲಾರ್ ಬ್ಯಾಟರಿಯು ದೀರ್ಘಾಯುವಾದರೂ ಹಳ್ಳಕೊಳ್ಳದ ರಸ್ತೆಯಲ್ಲಿ ಆಮ್ಲವನ್ನು ಚೆಲ್ಲುತ್ತದೆ. ಚಾರ್ಜಾಗುವಾಗ ಜಲಜನಕವನ್ನೂ ಬಿಡುವುದರಿಂದ ಗಾಳಿಯಾಡದ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ಮೊಹರು ಮಾಡಿದ ಬ್ಯಾಟರಿಯು ವಾಹನಕ್ಕೆ ತಕ್ಕುದು. ಲಿಥಿಯಂ ಕಬ್ಬಿಣ ಫಾಸ್ಫೇಟಿನ ಬ್ಯಾಟರಿಯನ್ನು ನೂರರಲ್ಲಿ ಎಂಬತ್ತರಷ್ಟು ಬಳಸಬಹುದಾದ್ದರಿಂದ 25 ಆಂಪಿಯರ್-ಗಂಟೆಯದೇ ಒಂದು ದಿನಕ್ಕೆ ಸಾಕು. ತೂಕವೂ ಸೀಸದ ಬ್ಯಾಟರಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಬೆಲೆ ಹೆಚ್ಚೆಂದು ಹಿಂಜರಿಯುವವರು ಅದರ ಆಯುಸ್ಸನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಹಳೆಯ ವಿದ್ಯುತ್ ವಾಹನಗಳಿಂದ ಕಳಚಿದ ಲಿಥಿಯಂ ಕೋಶಗಳನ್ನು ರಕ್ಷಣಾ ಮಂಡಲವಿಲ್ಲದೆ ಬೆಸೆದು ಅಗ್ಗವಾಗಿ ಮಾರುವುದುಂಟು. ಬಟ್ಟೆ ತುಂಬಿದ ವಾಹನದಲ್ಲಿ ಅದನ್ನಿಡುವುದು ಬೆಂಕಿಯ ಪಕ್ಕದಲ್ಲಿ ಹತ್ತಿಯನ್ನಿಟ್ಟಂತೆ. ಆ ಉಳಿತಾಯ ಬೇಡ.

ಮಿತವ್ಯಯಕ್ಕೆ ನಿಜವಾದ ಅವಕಾಶವಿರುವುದು ಫಲಕದಲ್ಲಿ. ಸೌರಕೋಶದಲ್ಲಿ ಸವೆಯುವ ಭಾಗವಿಲ್ಲ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿಲಿಕಾನ್ ಕೋಶವು ಮೊದಲು ರೂಪುಗೊಂಡಾಗ ಬಿಸಿಲಿನ ನೂರರಲ್ಲಿ ಆರು ಪಾಲನ್ನು ಮಾತ್ರ ವಿದ್ಯುತ್ತಾಗಿಸುತ್ತಿದ್ದು, ಅದರ ಬೆಲೆ ಉಪಗ್ರಹಗಳಿಗಷ್ಟೇ ನಿಲುಕುವಂತಿತ್ತು. ಇಂದು ಪಾವಗಡ ತಾಲ್ಲೂಕಿನ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟಿನ ಸೌರಪಾರ್ಕು ಹರಡಿದೆಯೆಂದರೆ ಬೆಲೆಯ ಇಳಿತವನ್ನು ಬೇರೆ ವಿವರಿಸಬೇಕಿಲ್ಲ. ಮನೆಗಳ ಚಾವಣಿಯಿಂದ ಇಳಿಸಿದ ಹಳೆಯ ಫಲಕವನ್ನೂ ಪರೀಕ್ಷಿಸಿ ಕೊಳ್ಳಬಹುದು. ನಡುಹಗಲಿನಲ್ಲಿ ಅದನ್ನು ಬಿಸಿಲಿಗೆ ಹಿಡಿದು ಮಲ್ಟಿಮೀಟರಿನಿಂದ ಅಳೆದಾಗ ತೆರೆದ ತುದಿಗಳ ನಡುವೆ 20 ವೋಲ್ಟ್ ಆಸುಪಾಸಿದ್ದು, ಮೀಟರನ್ನು ಹತ್ತು ಆಂಪಿಯರಿನ ಸ್ಥಾನಕ್ಕೆ ತಿರುಗಿಸಿ ನೋಡಿದಾಗ ಐದು ಆಂಪಿಯರ್ ಬಂದರೆ ಅದು ಕೊಳ್ಳಲು ಯೋಗ್ಯ. ಗಾಜು ಬಿರಿದದ್ದನ್ನು ಪುಕ್ಕಟೆ ಕೊಟ್ಟರೂ ಒಲ್ಲೆನ್ನಬೇಕು; ಮೊದಲ ಮಳೆಗೇ ನೀರು ಒಳಸೇರುತ್ತದೆ. 60 ಅಥವಾ 72 ಕೋಶಗಳ ಮನೆಫಲಕಗಳು 30ರಿಂದ 40 ವೋಲ್ಟ್ ಕೊಡುವುದರಿಂದ ಅವಕ್ಕೆ ಎಂಪಿಪಿಟಿ ಎಂಬ ದುಬಾರಿ ನಿಯಂತ್ರಕವೇ ಬೇಕು. 36 ಕೋಶಗಳದ್ದಕ್ಕೆ ಪಿಡಬ್ಲ್ಯುಎಂ ಎಂಬ ಸಾಮಾನ್ಯ ಚಾರ್ಜ್ ಕಂಟ್ರೋಲರ್ ಸಾಲುತ್ತದೆ.

ಈ ಅಗ್ಗದ ಕಂಟ್ರೋಲರಿನ ಒಂದು ಗುಟ್ಟನ್ನು ಮಾರುವವರು ಹೇಳುವುದಿಲ್ಲ. ಇಂಥ ಅನೇಕ ಪೆಟ್ಟಿಗೆಗಳಲ್ಲಿ ಧನಾಗ್ರಗಳು ಮೂರೂ ಒಳಗೆ ಒಂದಾಗಿದ್ದು, ನಿಯಂತ್ರಣವು ಋಣಾಗ್ರದ ಕಡೆಯಲ್ಲಿರುತ್ತದೆ. ವಾಹನದ ಮೆಕ್ಯಾನಿಕ್ ರೂಢಿಯಂತೆ ದೀಪದ ಋಣ ತಂತಿಯನ್ನೂ ಬ್ಯಾಟರಿಯ ಋಣ ತಂತಿಯನ್ನೂ ಚಾಸಿಗೆ ಕಚ್ಚಿಸಿದರೆ ಕಂಟ್ರೋಲರನ್ನು ದಾಟಿ ದಾರಿ ಬಿಟ್ಟಂತಾಯಿತು. ದೀಪವು ಆರಬೇಕಾದಾಗ ಆರದೆ ಬ್ಯಾಟರಿ ಬರಿದಾಗುತ್ತದೆ. ಆದುದರಿಂದ ಸೌರಜೋಡಣೆಯ ಎಲ್ಲ ತಂತಿಗಳೂ ಕಂಟ್ರೋಲರಿಗೇ ಮರಳಬೇಕು, ಚಾಸಿನ ಸಹವಾಸ ಕೂಡದು. ಜೋಡಿಸುವಾಗ ಮೊದಲು ಬ್ಯಾಟರಿ, ಅನಂತರ ಫಲಕ. ಕಳಚುವಾಗ ಮೊದಲು ಫಲಕ. ಬ್ಯಾಟರಿಯ ಧನಾಗ್ರದಿಂದ ಒಂದು ಗೇಣಿನೊಳಗೆ 15 ಆಂಪಿಯರಿನ ಫ್ಯೂಸು ಇರಲೇಬೇಕು. ಇಡೀ ಜೋಡಣೆಯಲ್ಲಿ ಅತ್ಯಂತ ಅಗ್ಗದ ವಸ್ತು ಅದು. ಅದನ್ನು ಬಿಟ್ಟ ವಾಹನದಲ್ಲಿ ಉಜ್ಜಿ ಸಿಪ್ಪೆ ಸುಲಿದ ಒಂದು ತಂತಿಯು ನೂರಾರು ಆಂಪಿಯರ್ ಹರಿಸಿ ಕೆಂಪಗೆ ಕಾಯಲು ಕ್ಷಣ ಸಾಕು. 230 ವೋಲ್ಟಿನ ಇನ್ವರ್ಟರನ್ನು ಕೈಬಿಡುವುದೂ ಉಚಿತ. 12 ವೋಲ್ಟನ್ನು ಏರಿಸಿ, ಮತ್ತೆ ಮೊಬೈಲಿಗಾಗಿ ಐದಕ್ಕೆ ಇಳಿಸುವುದರಲ್ಲಿ ಗಳಿಸಿದ ಬಿಸಿಲೇ ಸೋರಿಹೋಗುತ್ತದೆ.

ಫಲಕವನ್ನು ಕೂರಿಸುವಾಗ ಚಾವಣಿಗೆ ತೂತು ಕೊರೆಯುವುದಕ್ಕಿಂತ ಸಾಮಾನಿನ ಕ್ಯಾರಿಯರಿಗೆ ಪಟ್ಟಿಗಳಿಂದ ಬಿಗಿಯುವುದು ಮೇಲು. ಬೋಲ್ಟುಗಳಿಗೆ ಕಂಪನಕ್ಕೆ ಸಡಿಲಗೊಳ್ಳದ ಲಾಕ್ ನಟ್ ಹಾಕಿ, ತಿಂಗಳಿಗೊಮ್ಮೆ ಸ್ಪ್ಯಾನರ್ ಆಡಿಸಬೇಕು. ಓಡುವ ಗಾಳಿಯು ಫಲಕವನ್ನು ಹಾಳೆಯಂತೆ ಮೇಲಕ್ಕೆತ್ತುತ್ತದೆ, ಕೇವಲ ಅಂಟನ್ನು ನಂಬುವಂತಿಲ್ಲ. ವಾಹನದ ಮೂಲರಚನೆಯನ್ನು ಬದಲಿಸುವುದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿಗೆ ಒಳಪಡುವುದರಿಂದ, ಕಳಚಿ ತೆಗೆಯಬಹುದಾದ ಜೋಡಣೆಯೇ ನಿರಾತಂಕ. ಫಲಕದ ಕೆಳಗೆ ನಾಲ್ಕು ಬೆರಳಿನಷ್ಟು ಗಾಳಿಗೆ ಎಡೆಯಿರಲಿ. ಕೋಶಗಳು 25 ಡಿಗ್ರಿಗಿಂತ ಮೇಲೆ ಏರುವ ಪ್ರತಿ ಡಿಗ್ರಿಗೂ ನೂರರಲ್ಲಿ 0.4ರಷ್ಟು ಬಲ ಕುಗ್ಗುತ್ತದೆ; ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಫಲಕವು 65 ಡಿಗ್ರಿ ಮುಟ್ಟಿದರೆ 18 ವೋಲ್ಟು 15ಕ್ಕೆ ಇಳಿದಿರುತ್ತದೆ.

ಇನ್ನುಳಿದದ್ದು ನೆರಳಿನ ಪ್ರಶ್ನೆ. ಸಂತೆಗೆ ಬಂದವನು ಹುಣಸೆಮರದ ಅಥವಾ ಬೇವಿನಮರದ ನೆರಳನ್ನೇ ಹುಡುಕುತ್ತಾನೆ. ತರಕಾರಿ ಬಾಡಬಾರದು, ಗಿರಾಕಿ ನಿಲ್ಲಬೇಕು. ಫಲಕಕ್ಕೋ ಬಿಸಿಲೇ ಬೇಕು. ಮೇಲಾಗಿ 36 ಕೋಶಗಳೂ ಸರಪಳಿಯಂತೆ ಒಂದರ ಹಿಂದೊಂದು ಕೂಡಿರುವುದರಿಂದ ಒಂದು ರೆಂಬೆಯ ನೆರಳು ನಾಲ್ಕು ಕೋಶಗಳ ಮೇಲೆ ಬಿದ್ದರೂ ಇಡೀ ಫಲಕದ ಪ್ರವಾಹ ಬತ್ತುತ್ತದೆ. ಇದಕ್ಕೆ ಸುಲಭವಾದ ಉಪಾಯವೆಂದರೆ, ಫಲಕವನ್ನು ಕ್ಯಾರಿಯರಿನಿಂದ ಬಿಚ್ಚಿ ಆರು ಮೀಟರ್ ದೂರದ ಬಿಸಿಲಿನಲ್ಲಿ ದಕ್ಷಿಣಕ್ಕೆ ಮುಖಮಾಡಿ ಸುಮಾರು 14 ಡಿಗ್ರಿ ಓರೆಯಾಗಿ ನಿಲ್ಲಿಸುವುದು. ಈ ಸೀಮೆಯ ಅಕ್ಷಾಂಶವೇ ಆ ಓರೆ. ಆಗ ತಂತಿಯ ದಪ್ಪ ಮುಖ್ಯವಾಗುತ್ತದೆ. ಹೋಗಿ ಬರುವ 12 ಮೀಟರ್ ತಾಮ್ರದ ತಂತಿಯು 1.5 ಚದರ ಮಿಲಿಮೀಟರಿನದಾದರೆ ಐದೂವರೆ ಆಂಪಿಯರಿಗೆ ಮುಕ್ಕಾಲು ವೋಲ್ಟ್ ನಷ್ಟ. 4 ಚದರ ಮಿಲಿಮೀಟರಿನದಾದರೆ ಸುಮಾರು 0.3 ಮಾತ್ರ. ಸೀಸದ ಬ್ಯಾಟರಿಯು ಪೂರ್ಣ ತುಂಬಲು 14.4 ವೋಲ್ಟ್ ಬೇಕು. ಬೇಸಗೆಯಲ್ಲಿ ಕೈಗೆ ಸಿಗುವ 15ರಲ್ಲಿ ತೆಳು ತಂತಿಯು ಮುಕ್ಕಾಲನ್ನು ತಿಂದರೆ, ಬ್ಯಾಟರಿಯು ದಿನವೂ ಅರೆಹೊಟ್ಟೆಯಲ್ಲೇ ಉಳಿದು ಬೇಗ ಸಾಯುತ್ತದೆ. ದೋಷವು ತಂತಿಯದು, ಅಪಕೀರ್ತಿ ಬ್ಯಾಟರಿಯದು.

ಬಡವರಿಗೆ ಸೌರಶಕ್ತಿ ಎಟುಕದೆಂಬ ಮಾತನ್ನು ಹರೀಶ್ ಹಂದೆಯವರು 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೊ ಸಂಸ್ಥೆಯ ಮೂಲಕ ಸುಳ್ಳಾಗಿಸಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಗಿರಾಕಿಯ ಅಗತ್ಯವನ್ನು ಅಳೆದು ಅಷ್ಟಕ್ಕೇ ಜೋಡಣೆ ಮಾಡುವುದು, ಆತನ ಗಳಿಕೆಗೆ ಹೊಂದುವ ಕಂತಿನ ಸಾಲ ಒದಗಿಸುವುದು, ರಿಪೇರಿಗೆ ಹತ್ತಿರದಲ್ಲೇ ಜನವನ್ನಿಡುವುದು, ಈ ಮೂರೂ ಅಲ್ಲಿ ಒಟ್ಟಿಗೆ ನಡೆದವು. ಉದಾರಿಗಳು ಶಾಲೆಗಾಗಲಿ ವ್ಯಾಪಾರಿಗಾಗಲಿ ಸೌರಫಲಕವನ್ನು ಸಂತೋಷದಿಂದ ಕೊಡುತ್ತಾರೆ. ಅದರ ಮೇಲೆ ಹೆಸರನ್ನೂ ಬರೆಯಿಸಬಹುದು. ಮೂರನೆಯದೋ ನಾಲ್ಕನೆಯದೋ ವರ್ಷದಲ್ಲಿ ಸೀಸದ ಬ್ಯಾಟರಿಯನ್ನು ಬದಲಿಸುವ ಹಣವನ್ನು ಕೊಡುವವರು ವಿರಳ. ಜೋಡಣೆಯ ಆಯುಷ್ಯದುದ್ದಕ್ಕೂ ಹೆಚ್ಚು ಹಣ ಬೇಡುವುದು ಅದೇ ಬ್ಯಾಟರಿ. ಪ್ರತಿ ಸಂತೆಯ ಗಳಿಕೆಯಿಂದ ಅದಕ್ಕೆಂದು ಒಂದಿಷ್ಟನ್ನು ತೆಗೆದಿಟ್ಟು, ವಾರಕ್ಕೊಮ್ಮೆ ಬೆಳಿಗ್ಗೆ ದೀಪ ಪಂಖಗಳನ್ನೆಲ್ಲ ಆರಿಸಿ, ಫಲಕಕ್ಕೆ ಬಿಸಿಲು ತಾಗುವ ಮೊದಲೇ ಬ್ಯಾಟರಿಯ ವೋಲ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. 12.7 ಇದ್ದರೆ ಸೀಸದ ಬ್ಯಾಟರಿ ತುಂಬಿದೆ, 12.2 ಇದ್ದರೆ ಅರ್ಧವಾಗಿದೆ. ಅದಕ್ಕಿಂತ ಕೆಳಗಿದ್ದರೆ ಆ ದಿನ ಪಂಖ ನಿಲ್ಲಿಸಿ, ಬಟ್ಟೆಯೊಂದನ್ನು ಒದ್ದೆಮಾಡಿ ಫಲಕದ ಧೂಳನ್ನು ಒರೆಸತಕ್ಕದ್ದು.