ಆಟದ ಇಂಜನ್ನಿಗೆ ಹೊಸ ಅಂಕಿ

ರಜೆಗೆ ಬಂದಿದ್ದ ನಮ್ಮ ಮೊಮ್ಮಗನು ತನ್ನ ಆಟದ ಇಂಜನ್ನನ್ನು ಮುಂದಿಟ್ಟು, “ತಾತ, ಇದರ ಅಂಕಿಯನ್ನು ಬದಲಾಯಿಸಿಕೊಡಿ” ಎಂದನು. ಅದು ಇಂಗ್ಲೆಂಡಿನ ಪ್ರಖ್ಯಾತವಾದ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಉಗಿಯಂತ್ರದ ಪ್ರತಿಕೃತಿ. ಮೂಲದ 76ರಲ್ಲೊಂದು ಪಾಲಿನ ಅಳತೆಯದು. ಅದರ ಮೈಮೇಲೆ 60103 ಎಂದಿದ್ದಿತು. ಹುಡುಗನಿಗೆ 4472 ಬೇಕಾಗಿದ್ದಿತು.

ಇದಕ್ಕೆ ಡಿಕ್ಯಾಲ್ ಎಂಬ ಅಂಟುಚಿತ್ರವೇ ಸಾಧನ. ಕಾಗದದ ಮೇಲೆ ನೀರಿನಲ್ಲಿ ಕರಗುವ ಅಂಟು, ಅದರ ಮೇಲೆ ಪಾರದರ್ಶಕವಾದ ತೆಳುಪೊರೆ, ಪೊರೆಯಲ್ಲಿ ಮುದ್ರಿತವಾದ ಅಂಕಿ—ಇಷ್ಟೇ ಅದರ ರಚನೆ.

ಮೊದಲು ಹಳೆಯ ಅಂಕಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸತಕ್ಕದ್ದು; ಅವಸರಪಟ್ಟರೆ ಕೆಳಗಣ ಬಣ್ಣವೂ ಹೋದೀತು. ಅನಂತರ ಆ ಸ್ಥಳಕ್ಕೆ ಹೊಳಪಿನ ವಾರ್ನಿಷನ್ನು ಬಳಿಯಬೇಕು. ಮೈ ಒರಟಾಗಿದ್ದರೆ ಪೊರೆಯಡಿಯಲ್ಲಿ ಗಾಳಿ ಸಿಕ್ಕಿಕೊಂಡು, ಅಂಕಿಯ ಸುತ್ತಲೂ ಬೆಳ್ಳಗಿನ ಮಬ್ಬು ತೋರುವುದು. ಅಂಕಿಯನ್ನು ಅಂಚಿಗೆ ಸರಿಯಾಗಿ ಕತ್ತರಿಸಿ ನೀರಿನಲ್ಲಿ ನೆನೆಯಿಸಿದರೆ, ಅಂಟು ಕರಗಿ ಪೊರೆಯು ಸಡಿಲವಾಗುವುದು. ಅದನ್ನು ಕುಂಚದ ತುದಿಯಿಂದ ಜಾರಿಸಿ ಸ್ಥಾನದಲ್ಲಿಟ್ಟು, ನೀರನ್ನು ಬಟ್ಟೆಯಿಂದ ಒತ್ತಿ ತೆಗೆಯಬೇಕು. ಮೊಳೆತಲೆಗಳಿರುವೆಡೆ ಪೊರೆಯನ್ನು ಮೆದುಮಾಡುವ ದ್ರವವನ್ನು ಹನಿಸಿದರೆ ಅದು ಬಣ್ಣದಂತೆಯೇ ಮೈಗೆ ಕಚ್ಚಿಕೊಳ್ಳುವುದು. ರಾತ್ರಿಯೆಲ್ಲ ಒಣಗಿದ ಮೇಲೆ ಹೊಳಪಿಲ್ಲದ ವಾರ್ನಿಷಿನ ತೆಳುಲೇಪವನ್ನು ಕೊಟ್ಟರೆ ಕೆಲಸ ಮುಗಿಯಿತು.

ನಾವೂ ಹಾಗೆಯೇ ಮಾಡಿ, ಬೆಳಿಗ್ಗೆ 4472ನ್ನು ಹೆಮ್ಮೆಯಿಂದ ತೋರಿಸಿದೆವು. ಹುಡುಗನು ಚಿತ್ರಪುಸ್ತಕವೊಂದನ್ನು ತಂದು ಬಹಳ ಹೊತ್ತು ನೋಡಿ, “ತಾತ, ಆಗ ಇಂಜನ್ನಿನ ಮುಂಭಾಗದ ಇಕ್ಕೆಲದಲ್ಲಿ ಈ ತಗಡುಗಳು ಇರಲಿಲ್ಲವಲ್ಲ!” ಎಂದನು.

ಅವನ ಮಾತು ದಿಟ. 1923ರಲ್ಲಿ ನಿರ್ಮಿತವಾದ ಆ ಯಂತ್ರಕ್ಕೆ ಮೊದಲಿದ್ದ ಅಂಕಿ 1472. 1924ರಲ್ಲಿ ಅದು 4472 ಆಯಿತು. 1934ರಲ್ಲಿ ಘಂಟೆಗೆ 100 ಮೈಲಿಯ ವೇಗವನ್ನು ಮುಟ್ಟಿದಾಗ ಅದರ ಮೇಲಿದ್ದುದು ಈ ಅಂಕಿಯೇ, ಮೈಬಣ್ಣ ಎಳೆಹಸಿರು. 1946ರಲ್ಲಿ 103, ರೈಲುದಾರಿಗಳು ರಾಷ್ಟ್ರದ ಸ್ವತ್ತಾದ 1948ರಲ್ಲಿ 60103. ಹೊಗೆಯನ್ನು ಚಾಲಕನ ಕಣ್ಣಿಗೆ ಅಡ್ಡವಾಗದಂತೆ ಮೇಲಕ್ಕೆ ತಳ್ಳುವ ಆ ತಗಡುಗಳು ಬಂದುದು 1961ರಲ್ಲಿ. ನಾವು ಮುದುಕನ ಮೈಗೆ ಬಾಲ್ಯದ ಹೆಸರನ್ನು ಅಂಟಿಸಿದ್ದೆವು!

ಮೂವತ್ತು ವರ್ಷ ಮಕ್ಕಳ ತಪ್ಪುಗಳನ್ನು ತಿದ್ದಿದ ನಮಗೆ ಕ್ಷಣಕಾಲ ಮಾತು ಹೊರಡಲಿಲ್ಲ. “ನೀನು ಹೇಳಿದುದೇ ಸರಿ, ಮಗು, ತಪ್ಪು ನಮ್ಮದು” ಎಂದು ಒಪ್ಪಿಕೊಂಡೆವು. ಅಂದೇ ಅಂಕಿಯನ್ನು ಅಳಿಸಿ, ಇಬ್ಬರೂ ಕೂಡಿ 60103ನ್ನೇ ಪುನಃ ಅಂಟಿಸಿದೆವು. ಈ ಸಲ ಕುಂಚವು ಅವನ ಕೈಯಲ್ಲಿದ್ದಿತು. ನೀರಿನ ಬಟ್ಟಲನ್ನು ಹಿಡಿದವರು ನಾವು.

ಮನೆಯಲ್ಲಿ ಮಕ್ಕಳಿಗೆ ಇಂತಹ ಆಟವನ್ನು ಕಲಿಸುವ ಗೃಹಸ್ಥರು ಅಂಕಿಯನ್ನು ಆರಿಸುವ ಮುನ್ನ ಕಾಲವನ್ನು ಆರಿಸಿಕೊಳ್ಳಲಿ. ಉಳಿದುದು ಕೈಚಳಕ ಮಾತ್ರ.