ಬೀಗ ಹಾಕುವ ಹೊತ್ತಿಲ್ಲದ ಅಂಗಡಿ

ನಮ್ಮ ಹಿರಿಯರ ಅಂಗಡಿಗೆ ಬಾಗಿಲಿತ್ತು. ದೇವದರ್ಶನ ಮುಗಿಸಿ ಬೀಗ ತೆಗೆಯುತ್ತಿದ್ದರು. ಬೋಣಿಯಾಗುವವರೆಗೆ ಉದ್ರಿಯ ಮಾತೆತ್ತುತ್ತಿರಲಿಲ್ಲ. ಹೊತ್ತು ಮುಳುಗುವ ಮೊದಲು ಉಂಡು, ಕೀರ್ದಿ ಬರೆದು, ಗಲ್ಲಾ ಎಣಿಸಿ ಬೀಗ ಹಾಕುತ್ತಿದ್ದರು. ಆ ಬೀಗವೇ ಅವರ ದಿನಚರಿಯ ಎಲ್ಲೆಯಾಗಿತ್ತು.

ಇಂದು ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿ ನಮ್ಮ ಮಕ್ಕಳು, ಸೊಸೆಯಂದಿರು ಮೊಬೈಲಿನಲ್ಲಿಯೇ ಸೀರೆ ಅಂಗಡಿ ತೆರೆದಿದ್ದಾರೆ. 2016ರ ಅಕ್ಟೋಬರಿನಲ್ಲಿ ಗದ್ವಾಲ, 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆ ಜಿಲ್ಲಾ ಕೇಂದ್ರಗಳಾದವು ನಿಜ. ಆದರೂ ಇಲ್ಲಿನ ಸೀರೆಗೆ ಗಿರಾಕಿ ಹೆಚ್ಚಾಗಿ ಹೊರಗಿನವರೇ. ಬೆಂಗಳೂರಿನ ಅಕ್ಕನವರು ಮನೆಯಲ್ಲಿಯೇ ಕುಳಿತು ಸೀರೆ ನೋಡಿ, ರೊಕ್ಕ ಕಳಿಸಿ, ತರಿಸಿಕೊಳ್ಳುವುದು ಸಂತೋಷದ ವಿಷಯವೇ. ಆದರೆ ಈ ಅಂಗಡಿಗೆ ಬೀಗವಿಲ್ಲ. ರಾತ್ರಿ ಹನ್ನೊಂದಕ್ಕೂ ಚೌಕಾಸಿ, ಊಟದ ತಾಟಿನ ಮುಂದೆಯೂ ಚೌಕಾಸಿ. ಇಷ್ಟು ದುಡಿದೂ ವರ್ಷದ ಕೊನೆಗೆ ಏನು ಉಳಿಯಿತೆಂದರೆ ಉತ್ತರವಿಲ್ಲ. ಆದ್ದರಿಂದ ಗುರಿ ಮತ್ತು ದಿನಚರಿಯ ಬಗ್ಗೆ ನಾಲ್ಕು ಮಾತು ಬರೆಯುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಗುರಿ ಮಗ್ಗದಿಂದ ಹುಟ್ಟಬೇಕು

"ಈ ವರ್ಷ ಹತ್ತು ಲಕ್ಷದ ವ್ಯಾಪಾರ" ಎನ್ನುವುದು ಆಸೆ, ಅದು ಗುರಿಯಲ್ಲ. ನಮ್ಮ ಮಾಲು ಯಂತ್ರದಿಂದ ಉದುರುವುದಲ್ಲ. ನಾರಾಯಣಪೇಟೆಯ ಮಗ್ಗಕ್ಕೆ ಒಮ್ಮೆ ಹಾಸು ಏರಿಸಿದರೆ ಎಂಟು ಸೀರೆ ಇಳಿಯುತ್ತವೆ; ಹಾಸಿನ ಬಣ್ಣ ಎಂಟಕ್ಕೂ ಒಂದೇ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಎರಡನ್ನೂ ನೇಯುತ್ತಲೇ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಅವಸರ ಮಾಡಿದರೆ ಕೂಡಿಕೆ ಕೆಡುತ್ತದೆ. ಈ ಎರಡೂ ಊರುಗಳ ಸೀರೆಗೆ ಸರಕಾರದ ಜಿ.ಐ. ಗುರುತು ಸಿಕ್ಕಿರುವುದು ಈ ಕೈಗುಣಕ್ಕಾಗಿಯೇ.

ಆದ್ದರಿಂದ ಮೊದಲು ನೇಕಾರರ ಮನೆಗೆ ಹೋಗಿ ಕೇಳಬೇಕು: ಎಷ್ಟು ಮಗ್ಗ ನಮಗಾಗಿ ನಡೆಯುತ್ತವೆ? ಒಂದು ಹಾಸು ಮುಗಿಯಲು ಎಷ್ಟು ದಿನ? ಮನೆಯಲ್ಲಿ ಮದುವೆ, ಹಬ್ಬ, ಬಾಣಂತನ ಏನಿದೆ? ಆ ಲೆಕ್ಕದಿಂದ ತಿಂಗಳಿಗೆ ಇಷ್ಟು ಸೀರೆ ಎಂದು ಬರೆದುಕೊಂಡರೆ ಅದೇ ನಿಜವಾದ ಗುರಿ. ಮೊಬೈಲಿನಲ್ಲಿ ಎಷ್ಟು ಜನ ಮೆಚ್ಚಿದರೆಂಬುದು ಮಗ್ಗಕ್ಕೆ ಗೊತ್ತಿಲ್ಲ.

ಪಂಚಾಂಗ ಮುಂದಿಟ್ಟುಕೊಂಡು ವರ್ಷದ ಯೋಜನೆ

ಶ್ರಾವಣದ ವರಮಹಾಲಕ್ಷ್ಮಿ, ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನ, ಮಹಾಲಯ ಅಮಾವಾಸ್ಯೆಯಿಂದ ಬತುಕಮ್ಮ, ಅದರ ಬೆನ್ನಿಗೆ ದಸರಾ, ದೀಪಾವಳಿ, ಆಮೇಲೆ ಲಗ್ನಸರಾಯಿ. ಸೀರೆ ವ್ಯಾಪಾರದ ಹಂಗಾಮು ಹೀಗೆ ಸಾಗುತ್ತದೆ. ಗಿರಾಕಿ ಶ್ರಾವಣದಲ್ಲಿ ಕೇಳುವ ಸೀರೆಯ ಹಾಸು ಅದಕ್ಕೂ ಬಹಳ ಮೊದಲೇ ಮಗ್ಗಕ್ಕೆ ಏರಿರಬೇಕು. ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ: ಪಾರ್ಸಲ್ ಮುಟ್ಟಲು ಒಂದು ವಾರ, ಫೋಟೋ ಮತ್ತು ಮಾರಾಟಕ್ಕೆ ಎರಡು ವಾರ, ನೇಯಲು ಇಷ್ಟು ದಿನ, ನೂಲು ಬಣ್ಣಕ್ಕೆ ಇಷ್ಟು ದಿನ. ಆಗ ನೇಕಾರರಿಗೆ ಮುಂಗಡ ಕೊಡುವ ತಾರೀಖು ತಾನೇ ಸಿಗುತ್ತದೆ.

ಇದೇ ಹಂಗಾಮಿನಲ್ಲಿ ನಮ್ಮ ಚಾತುರ್ಮಾಸವೂ ಬರುತ್ತದೆ. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ. ಅದಾದ ಹದಿನಾರು ದಿನಕ್ಕೆ ಬತುಕಮ್ಮ. ವ್ಯಾಪಾರ ಏರುವ ಹೊತ್ತು, ಮನಸ್ಸು ಇಳಿಸಬೇಕಾದ ಹೊತ್ತು ಎರಡೂ ಒಟ್ಟಿಗೆ. ಇದಕ್ಕೆ ಉಪಾಯ, ವರ್ಷದ ಯೋಜನೆ ಬರೆಯುವಾಗಲೇ ಪರ್ವದ ದಿನಗಳನ್ನು ಮೊದಲು ಗೆರೆ ಎಳೆದು ಬಿಡುವುದು. ಹಲವು ಮಾರಾಟ ತಾಣಗಳಲ್ಲಿ ಅಂಗಡಿಗೆ ರಜೆ ಹಾಕುವ ಅನುಕೂಲವಿದೆ. ವಾಟ್ಸಾಪಿನಲ್ಲಿ "ನಮ್ಮ ಪರ್ವ ನಡೆದಿದೆ, ಇಂಥ ತಾರೀಖಿನಿಂದ ಪಾರ್ಸಲ್ ಹೊರಡುತ್ತದೆ" ಎಂದು ಮೊದಲೇ ತಿಳಿಸಿದರೆ ಒಳ್ಳೆಯ ಗಿರಾಕಿ ಕಾಯುತ್ತಾರೆ.

ಉಳಿದದ್ದೇ ಲಾಭ

ಒಂದು ಉದಾಹರಣೆ ಹಿಡಿಯೋಣ. ಸೀರೆಗೆ ನೇಕಾರರಿಗೆ ಕೊಟ್ಟದ್ದು 2,400 ರೂ., ಮಾರಿದ್ದು 3,000 ರೂ. ಸೀರೆಗೆ 600 ಲಾಭ ಎಂದು ಹುಡುಗರು ಹಿಗ್ಗುತ್ತಾರೆ. ಹತ್ತು ಪಾರ್ಸಲ್ ಕಳಿಸಿದಲ್ಲಿ ಎರಡು ವಾಪಸ್ಸು ಬಂದವು ಎನ್ನಿ. ಎಂಟು ಸೀರೆಯ ಅಂತರ 4,800 ರೂ. ಹತ್ತಕ್ಕೆ ತಲಾ 110ರಂತೆ ಕೊರಿಯರ್ 1,100. ತಲಾ 30ರಂತೆ ಪ್ಯಾಕಿಂಗ್ 300. ಎರಡು ವಾಪಸ್ಸು ಬಂದ ಖರ್ಚು 220. ಒಟ್ಟು 1,620 ಹೋಗಿ 3,180 ಉಳಿಯಿತು. ಜಾಹೀರಾತಿಗೆ 1,000 ಸುರಿದಿದ್ದರೆ 2,180. ಅಂದರೆ ಸೀರೆಗೆ ಸುಮಾರು 272 ರೂ.! ಮಾರಾಟ ತಾಣದ ದಲಾಲಿ, ತೆರಿಗೆ ಇನ್ನೂ ಬೇರೆ. ಆದ್ದರಿಂದ ತಿಂಗಳ ಗುರಿಯನ್ನು ಮಾರಾಟದ ಮೊತ್ತದಲ್ಲಿ ಬರೆಯದೆ ಉಳಿದ ರೊಕ್ಕದಲ್ಲಿ ಬರೆಯಿರಿ. ವಾಪಸ್ಸು ಬಂದ ಪ್ರತಿ ಮಾಲಿಗೂ ಕಾರಣ ಬರೆದಿಡಿ. ಫೋಟೋದ ಬಣ್ಣಕ್ಕೂ ಸೀರೆಯ ಬಣ್ಣಕ್ಕೂ ಹೊಂದದ್ದು, ಬ್ಲೌಸ್ ತುಂಡಿನ ವಿಷಯ ಬರೆಯದೆ ಬಿಟ್ಟದ್ದು ಮುಂತಾದ ಕಾರಣಗಳು ನಾವೇ ತಿದ್ದಬಹುದಾದವು.

ದಿನಕ್ಕೊಂದು ಎಲ್ಲೆ

ಶ್ರಾವಕನಿಗೆ ಹೇಳಿದ ಪರಿಗ್ರಹ ಪರಿಮಾಣವೆಂದರೆ ಗಳಿಕೆಗೆ ತಾನೇ ಮಿತಿ ಹಾಕಿಕೊಳ್ಳುವುದು. ದಿಗ್ವ್ರತದಲ್ಲಿ ಹತ್ತೂ ದಿಕ್ಕಿಗೆ ಎಲ್ಲೆ. ದೇಶಾವಕಾಶಿಕದಲ್ಲಿ ಆ ಎಲ್ಲೆಯನ್ನು ಇಂದಿನ ದಿನಕ್ಕೆಂದು ಇನ್ನೂ ಕಿರಿದು ಮಾಡಿಕೊಳ್ಳುವುದು. ಬೆಳಿಗ್ಗೆ ಪ್ರತ್ಯಾಖ್ಯಾನ, ಸಂಜೆ ಪ್ರತಿಕ್ರಮಣ: ಮುಂಜಾನೆ ಎಲ್ಲೆ ಹೇಳಿಕೊಂಡು, ಸಾಯಂಕಾಲ ಮೀರಿದ್ದನ್ನು ಎಣಿಸಿಕೊಳ್ಳುವ ಪದ್ಧತಿ. ಇವೆಲ್ಲ ಆತ್ಮಕಲ್ಯಾಣಕ್ಕಾಗಿ ಹೇಳಿದವು, ವ್ಯಾಪಾರ ಬೆಳೆಸಲಿಕ್ಕಲ್ಲ. ಆದರೂ ದಿನವನ್ನು ಕಟ್ಟಿಕೊಳ್ಳುವ ಅಭ್ಯಾಸ ನಮ್ಮ ಮನೆಗಳಿಗೆ ಹೊಸದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ನಾವು ಸೂಚಿಸುವ ಕ್ರಮ ಸರಳ. ಬೆಳಿಗ್ಗೆ ಎರಡು ಘಳಿಗೆ, ಅಂದರೆ 48 ನಿಮಿಷದ ಸಾಮಾಯಿಕ ಮುಗಿಯುವವರೆಗೆ ಮೊಬೈಲು ಮುಟ್ಟಬೇಡಿ. ಆಮೇಲೆ ಒಂದು ಚೀಟಿಯಲ್ಲಿ ಇಂದಿನ ಮೂರೇ ಕೆಲಸ ಬರೆಯಿರಿ. ಹತ್ತರಿಂದ ಹನ್ನೊಂದು ಗಿರಾಕಿಗಳಿಗೆ ಉತ್ತರ. ಬಿಸಿಲು ಏರುವ ಮೊದಲು ಅಂಗಳದ ಬೆಳಕಿನಲ್ಲಿ ಫೋಟೋ. ಮಧ್ಯಾಹ್ನ ಪ್ಯಾಕಿಂಗ್, ಮಡಿಕೆ ಬಿಚ್ಚಿ ಸೆರಗು, ಅಂಚು ತೋರಿಸಿ ಪೆಟ್ಟಿಗೆ ಮುಚ್ಚುವುದನ್ನು ವಿಡಿಯೋ ಮಾಡಿಟ್ಟರೆ ಮುಂದೆ ತಕರಾರಿಗೆ ಸಾಕ್ಷಿ. ನಾಲ್ಕಕ್ಕೆ ಮತ್ತೊಮ್ಮೆ ಉತ್ತರ. ಸೂರ್ಯಾಸ್ತಕ್ಕೆ ಮೊದಲು ಊಟ, ಬಳಿಕ ಅರ್ಧ ತಾಸು ಕೀರ್ದಿ: ಎಷ್ಟು ಹೋಯಿತು, ಎಷ್ಟು ಬಂತು, ನೇಕಾರರ ಬಾಕಿ ಎಷ್ಟು. ಅಲ್ಲಿಗೆ ಬೀಗ. ರಾತ್ರಿ ಬಂದ ಸಂದೇಶಕ್ಕೆ "ನಾಳೆ ಹತ್ತಕ್ಕೆ ಉತ್ತರಿಸುತ್ತೇವೆ" ಎಂದು ಫೋನೇ ತಾನಾಗಿ ಹೇಳುವ ವ್ಯವಸ್ಥೆ ವಾಟ್ಸಾಪ್ ಬಿಸಿನೆಸ್‌ನಲ್ಲಿದೆ. ವಾರಕ್ಕೊಂದು ದಿನ ನೇಕಾರರ ಮನೆಗೆ, ತಿಂಗಳಿಗೊಂದು ದಿನ ಲೆಕ್ಕದ ತಾಳೆಗೆ ಮೀಸಲಿರಲಿ.

ಗಡಿ ಊರಿನವರಿಗೆ ಒಂದು ಎಚ್ಚರ

ಮಕ್ತಲ್‌ಗೆ ಹೈದರಾಬಾದಿಗಿಂತ ರಾಯಚೂರು ಹತ್ತಿರ. ಬೀಗರು, ಬಸದಿ, ಭಾಷೆ ಎಲ್ಲ ಆ ಕಡೆ. ಆದರೆ ತೆರಿಗೆಗೆ ಅದು ಬೇರೆ ರಾಜ್ಯ. 2023ರ ಅಕ್ಟೋಬರ್ 1ರಿಂದ, ವಹಿವಾಟು ನಿಗದಿತ ಮಿತಿಯೊಳಗಿರುವ ಸಣ್ಣ ವ್ಯಾಪಾರಿ ಜಿ.ಎಸ್.ಟಿ. ನೋಂದಣಿ ಇಲ್ಲದೆಯೂ, ಪ್ಯಾನ್ ಆಧಾರದ ದಾಖಲೆ ಸಂಖ್ಯೆ ಪಡೆದು, ಆನ್‌ಲೈನ್ ತಾಣದಲ್ಲಿ ಮಾಲು ಮಾರಬಹುದು. ಆದರೆ ಈ ಸವಲತ್ತು ತನ್ನ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ರಾಯಚೂರು, ಬೆಂಗಳೂರು ಗುರಿಯಲ್ಲಿದ್ದರೆ ಮೊದಲು ತೆರಿಗೆ ಸಲಹೆಗಾರರನ್ನು ಕಂಡು ನೋಂದಣಿಯ ವಿಷಯ ಕೇಳಿ. ನೋಂದಣಿ ಇದ್ದವರ ಮಾರಾಟದಿಂದ ತಾಣದವರು ಹಿಡಿಯುವ ತೆರಿಗೆ 2024ರ ಜುಲೈ 10ರಿಂದ ಶೇ. 1ರ ಬದಲು ಅರ್ಧವಾಗಿದೆ. ಅದು ನಮ್ಮ ಖಾತೆಗೇ ಜಮಾ ಆಗುವ ರೊಕ್ಕ. ತಿಂಗಳ ತಾಳೆಯಲ್ಲಿ ಬಿಡಬಾರದು.

ಗುರಿ ಮುಟ್ಟದಿದ್ದಾಗ

ಕೊನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮ ಪರಿಚಯದ ಒಂದು ಮನೆಯಲ್ಲಿ ಸೊಸೆಯವರು ಈ ವ್ಯಾಪಾರ ನೋಡುತ್ತಾರೆ. ಒಂದು ಶ್ರಾವಣದಲ್ಲಿ ಅವರಿಗೆ 60 ಸೀರೆಯ ಕೇಳಿಕೆ ಬಂತು, ಮುಂಗಡ ರೊಕ್ಕ ಸಹಿತ. ಅವರಿಗಿದ್ದದ್ದು ಮೂರು ಮಗ್ಗ. ಹಬ್ಬಕ್ಕೆ ಇಳಿಯುವುದು ಮೂರು ಹಾಸು, 24 ಸೀರೆ. ಅದೇ ವಾರ ಒಬ್ಬ ದಲಾಲಿ ಅರ್ಧ ಬೆಲೆಗೆ ಪವರ್‌ಲೂಮ್ ಮಾಲು ತಂದು ತೋರಿಸಿದ. ಅದೇ ಚೌಕಳಿ, ಅದೇ ಗೋಪುರದ ಅಂಚು.

"ಅತ್ತೆ, ನೋಡಿದವರಿಗೆ ಗೊತ್ತಾಗುವುದಿಲ್ಲ. 36 ಇದರಲ್ಲಿ ಕಳಿಸಲೇ?"

"ನಮಗೆ ಗೊತ್ತಲ್ಲವ್ವಾ" ಎಂದರಂತೆ ಅತ್ತೆ.

ಆ ಸಂಜೆಯೇ 36 ಮನೆಗೆ ಒಂದೊಂದಾಗಿ ಬರೆದರು: ಮಗ್ಗದ ಸೀರೆ ದಸರೆಗೆ ಸಿಗುತ್ತದೆ, ಕಾಯುವುದಾದರೆ ಕಾಯಿರಿ, ಇಲ್ಲವಾದರೆ ರೊಕ್ಕ ಈಗಲೇ ವಾಪಸ್ಸು. ಕೆಲವರು ರೊಕ್ಕ ಪಡೆದರು, ಒಬ್ಬಿಬ್ಬರು ಕಟುವಾಗಿ ಬರೆದರು, ಉಳಿದವರು ಕಾದರು. ಆ ತಿಂಗಳ ಗುರಿ ಅರ್ಧಕ್ಕೂ ಮುಟ್ಟಲಿಲ್ಲ.

ಅಸ್ತೇಯ ಅಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ಒಳ್ಳೆಯ ಮಾಲಿನ ಹೆಸರಿನಲ್ಲಿ ಹೋಲುವ ಮಾಲು ದಾಟಿಸುವುದು ಎಂದರ್ಥ. ದೇಶದ ಕಾನೂನೂ ಕೆಲವು ಬಗೆಯ ಸೀರೆಗಳನ್ನು 1985ರ ಕಾಯಿದೆಯಿಂದ ಕೈಮಗ್ಗಕ್ಕೇ ಮೀಸಲಿಟ್ಟಿದೆ. ಪವರ್‌ಲೂಮ್ ಮಾಲನ್ನು ಮಗ್ಗದ್ದೆಂದು ಮಾರಿದ ಪ್ರತಿ ಸೀರೆಯೂ ನಮ್ಮ ನೇಕಾರನ ಹಾಸನ್ನು ಖಾಲಿ ಕೂರಿಸುತ್ತದೆ. ರೇಷ್ಮೆಯನ್ನು ಅಹಿಂಸೆಯ ಕಾರಣದಿಂದ ಬಿಟ್ಟ ಮನೆಗಳು ನಮ್ಮಲ್ಲಿಯೇ ಇವೆ. ಯಾವುದು ಹತ್ತಿ, ಯಾವುದರಲ್ಲಿ ರೇಷ್ಮೆ ಇದೆ ಎಂದು ಫೋಟೋದ ಕೆಳಗೇ ಬರೆಯುವುದು ಸಹ ಧರ್ಮವೇ.

ಬಂಧುಗಳೇ, ದೀಪಾವಳಿಗೆ ಮಹಾವೀರ ಸ್ವಾಮಿಯ ನಿರ್ವಾಣ ಪೂಜೆ ಮುಗಿಸಿ ಹೊಸ ಖಾತೆ ಪೂಜಿಸುವಾಗ ಮೊದಲ ಪುಟದಲ್ಲಿ ನಾಲ್ಕು ಸಾಲು ಬರೆಸಿರಿ: ಮಗ್ಗ ಎಷ್ಟು, ಸೀರೆ ಎಷ್ಟು, ಉಳಿಯಬೇಕಾದದ್ದು ಎಷ್ಟು, ಬೀಗ ಎಷ್ಟು ಹೊತ್ತಿಗೆ. ಮನೆಯ ಹಿರಿಯರೂ ಕಿರಿಯರೂ ಅದರ ಕೆಳಗೆ ಸಹಿ ಮಾಡಲಿ.