ರೇಖೆಯ ಮೇಲೆ ಸುರಿದ ಮಳೆ

ಬೆಂಗಳೂರಿನ ಹೊರವಲಯದ ಪ್ರಯೋಗಶಾಲೆಯೊಂದರಲ್ಲಿ, ಗಾಲಿಜೋಡಿಗಳ ಮೇಲೆ ಕುಳಿತು ರೈಲುಡಬ್ಬಿಯ ಸಮಸ್ತ ಭಾರವನ್ನೂ ಹೊರತಕ್ಕ ಉಕ್ಕಿನ ಚೌಕಟ್ಟೊಂದನ್ನು ಹೈಡ್ರಾಲಿಕ್ ಯಂತ್ರಗಳು ಹಗಲಿರುಳೆನ್ನದೆ ಒತ್ತಿ ಎಳೆಯುತ್ತಿರುವುದನ್ನು ಈಚೆಗೆ ನೋಡಿ ಬಂದೆನು. ಐರೋಪ್ಯ ಮಾನಕವಾದ ಇಎನ್ 13749ರ ಪ್ರಕಾರ ಇಂತಹ ಚೌಕಟ್ಟು ಮೊದಲು 60 ಲಕ್ಷ ಆವರ್ತನಗಳನ್ನು ತಾಳಬೇಕು. ಅನಂತರ ಏರಿಳಿಯುವ ಬಲಗಳನ್ನು 1.2 ಪಟ್ಟು ಹೆಚ್ಚಿಸಿ ಇನ್ನೂ 20 ಲಕ್ಷವನ್ನು, ಕಡೆಗೆ 1.4 ಪಟ್ಟು ಹೆಚ್ಚಿಸಿ ಮತ್ತೆ 20 ಲಕ್ಷವನ್ನು ತಾಳಬೇಕು. ಆ ಉಕ್ಕಿನ ಸಹನೆ ದೊಡ್ಡದೇ ಸರಿ. ಆದರೆ ನನ್ನನ್ನು ಇಂದಿಗೂ ಬಿಡದೆ ಹಿಡಿದಿರುವುದು ಪಕ್ಕದ ಕೋಣೆಯ ಗಣಕದ ಪರದೆಯಲ್ಲಿ ಕಂಡ ಒಂದು ಹಸಿರು ರೇಖೆ.

ಅದು ಹಳಿಯ ಮೇಲೆ ಓಡಿದ ಗಾಡಿಯಿಂದ ತಂದ ದಾಖಲೆ. ಬೆಸುಗೆಯ ಅಂಚಿನಲ್ಲಿ ಕಿರುಬೆರಳ ಉಗುರಿಗಿಂತ ಸಣ್ಣದಾದ ಸ್ಟ್ರೇನ್ ಗೇಜನ್ನು ಅಂಟಿಸಿ, ಸಪೂರವಾದ ತಂತಿಗೆ ಸಂಖ್ಯೆಯ ಚೀಟಿ ಕಟ್ಟಿ ಓಡಿಸಿದಾಗ, ಉಕ್ಕು ಹತ್ತು ಲಕ್ಷದಲ್ಲಿ ಕೆಲವೇ ಪಾಲಿನಷ್ಟು ಹಿಗ್ಗಿದರೂ ಕುಗ್ಗಿದರೂ ಗೇಜಿನ ವಿದ್ಯುತ್ ರೋಧ ವ್ಯತ್ಯಾಸಗೊಂಡು, ಆ ವ್ಯತ್ಯಾಸವು ಸೆಕೆಂಡಿಗೆ ನೂರಾರು ಅಂಕಿಗಳಾಗಿ ಗಣಕವನ್ನು ಸೇರುತ್ತದೆ. ಒಂದು ತಾಸಿನ ಓಟಕ್ಕೆ ಒಂದೊಂದು ಗೇಜಿನಿಂದಲೂ ಲಕ್ಷಗಟ್ಟಲೆ ಅಂಕಿಗಳು. ಕೋಷ್ಟಕವಾಗಿ ಅಚ್ಚು ಹಾಕಿದರೆ ಯಾವ ಮನುಷ್ಯನೂ ಓದಲಾರನು. ಅಲ್ಲಿನ ಎಂಜಿನಿಯರೊಬ್ಬರು ಆ ರೇಖೆಯ ತುಣುಕೊಂದನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಬರೆದು, ಕಾಗದವನ್ನು ಅಡ್ಡತಿರುಗಿಸಿ, "ಈಗ ಇದರ ಮೇಲೆ ಮಳೆ ಬೀಳುತ್ತದೆಂದು ತಿಳಿಯಿರಿ" ಎಂದರು.

ಕಾಲವು ಮೇಲಿನಿಂದ ಕೆಳಕ್ಕೆ ಹರಿಯುವಂತೆ ತಿರುಗಿಸಿದೊಡನೆ ಆ ಏರಿಳಿತಗಳೆಲ್ಲವೂ ಒಂದರ ಕೆಳಗೊಂದು ಚಾಚಿದ ಮಾಡುಗಳಾದುವು. 1968ರಲ್ಲಿ ಜಪಾನಿನ ಮಾತ್ಸುಇಶಿ ಮತ್ತು ಎಂಡೋ ಎಂಬವರು ಪಗೋಡಾದ ಮೇಲೆ ಸುರಿಯುವ ಮಳೆಯನ್ನು ಭಾವಿಸಿ ನಿರೂಪಿಸಿದ ಗಣನಾವಿಧಾನವಿದು. ಪ್ರತಿಯೊಂದು ತುದಿಯಿಂದಲೂ ಒಂದು ಧಾರೆ ಹೊರಟು, ಇಳಿಜಾರಿನಲ್ಲಿ ಹರಿದು, ಅಂಚಿನಿಂದ ಕೆಳಗಿನ ಮಾಡಿಗೆ ಬಿದ್ದು ಮುಂದುವರಿಯುತ್ತದೆ. ಮೇಲಿನಿಂದ ಬಂದ ಇನ್ನೊಂದು ಧಾರೆ ಎದುರಾದಲ್ಲಿ, ಅಥವಾ ತಾನು ಹೊರಟ ತುದಿಯನ್ನು ಮೀರಿ ಚಾಚಿದ ಮತ್ತೊಂದು ತುದಿ ಬಂದಲ್ಲಿ ನಿಲ್ಲುತ್ತದೆ. ಹಾಗೆ ಹರಿದ ಒಂದೊಂದು ಧಾರೆಯೂ ಅರ್ಧ ಆವರ್ತನವೆಂದು ಲೆಕ್ಕ. ಮಲೆನಾಡಿನ ಹೆಂಚಿನ ಮನೆಯ ಜಗಲಿಯಲ್ಲಿ ಆಷಾಢವನ್ನು ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕ್ರಮದ ಸೌಂದರ್ಯಕ್ಕೆ ನಾನು ಮಾರುಹೋಗಿದ್ದೇನೆ. ಆದರೆ ಅದರ ಉಪಯೋಗ ಸೌಂದರ್ಯಕ್ಕಿಂತ ಮಿಗಿಲಾದುದು. ಒಂದು ಮಹತ್ತಾದ ಏರಿಳಿತದ ಮೈಮೇಲೆ ಹತ್ತಾರು ಕಿರುನಡುಕಗಳು ಕುಳಿತಿರುವಾಗ, ಒಂದೊಂದು ಏರಿಳಿತವನ್ನೂ ಬಿಡಿಬಿಡಿಯಾಗಿ ಎಣಿಸುವವನು ದೊಡ್ಡದನ್ನು ಚೂರುಚೂರು ಮಾಡಿ ಕಳೆದುಕೊಳ್ಳುತ್ತಾನೆ. ಮಳೆಯ ಲೆಕ್ಕವಾದರೋ ಕಿರಿದನ್ನು ಕಿರಿದಾಗಿಯೂ ಹಿರಿದನ್ನು ಅಖಂಡವಾಗಿಯೂ ಉಳಿಸಿಕೊಡುತ್ತದೆ. ಬೆಸೆದ ಉಕ್ಕಿನಲ್ಲಿ ಏರಿಳಿತ ಇಮ್ಮಡಿಯಾದರೆ ಹಾನಿ ಸುಮಾರು ಎಂಟು ಮಡಿಯಾಗುವುದರಿಂದ, ಒಂದು ದೊಡ್ಡ ಆವರ್ತನ ತಪ್ಪಿಹೋದರೂ ಚೌಕಟ್ಟಿನ ಆಯುಷ್ಯದ ಅಂದಾಜು ಸುಳ್ಳಾಗುತ್ತದೆ. ಗಣಕದ ತಂತ್ರಾಂಶ ಈ ಎಣಿಕೆಯನ್ನು ಕ್ಷಣಮಾತ್ರದಲ್ಲಿ ಮುಗಿಸಿ ಆವರ್ತನಗಳ ಗಾತ್ರಕ್ಕೊಂದರಂತೆ ಬಣ್ಣಬಣ್ಣದ ಚೌಕಗಳ ಚಿತ್ರವಾಗಿ ಹರಡುತ್ತದೆ. ಆ ಚಿತ್ರದ ದೂರದ ಮೂಲೆಯಲ್ಲಿ ಒಂಟಿಯಾಗಿ ನಿಂತ ಒಂದು ಚೌಕದ ಮೇಲೆ ಬೆರಳಿಟ್ಟು ಎಂಜಿನಿಯರು, ಅದು ಹಳಿ ಕವಲೊಡೆಯುವ ಕಡೆ ಗಾಲಿ ಹಾರಿ ಬಿದ್ದುದರ ಗುರುತೆಂದು ವಿವರಿಸಿದರು.

ಈ ವಿದ್ಯೆಯ ಪೂರ್ವಕಥೆ ದುಃಖದಿಂದಲೇ ಆರಂಭವಾಗುತ್ತದೆ. 1842ರ ಮೇ 8ರಂದು ವರ್ಸೇಲ್ಸಿನಿಂದ ಪ್ಯಾರಿಸಿಗೆ ಮರಳುತ್ತಿದ್ದ ಗಾಡಿಯ ಎಂಜಿನಿನ ಅಚ್ಚು ಮುರಿದು, ಹೊತ್ತಿದ ಡಬ್ಬಿಗಳಲ್ಲಿ 50ಕ್ಕೂ ಹೆಚ್ಚು ಜನ ಮಡಿದರು. ನಾವಿಕ ದ್ಯುಮೊಂ ದ್ಯುರ್ವಿಲ್ ಸಕುಟುಂಬನಾಗಿ ಅಲ್ಲಿಯೇ ತೀರಿಕೊಂಡನು. ಬಳಿಕ ಪ್ರಷ್ಯದ ಆಗಸ್ಟ್ ವೋಲರ್, ಓಡುವ ಗಾಡಿಯ ಅಚ್ಚು ಎಷ್ಟು ಬಾಗುವುದೆಂಬುದನ್ನು ಸತುವಿನ ತಗಡಿನ ಮೇಲೆ ಮೊನೆಯೊಂದು ಗೀರುವಂತೆ ಮಾಡಿ ಅಳೆದನು. ಬಲ ಮತ್ತೆ ಮತ್ತೆ ಬೀಳುವುದರಿಂದ ಲೋಹಕ್ಕೆ ಬರುವ ಆಯಾಸವನ್ನು ಕುರಿತ ತನ್ನ ಫಲಿತಾಂಶಗಳನ್ನು ಆತ ಕೋಷ್ಟಕಗಳಾಗಿಯೇ ಪ್ರಕಟಿಸಿದನು. ಅವನ್ನು ರೇಖೆಯಾಗಿ ಬರೆದುದು ಆತನ ಉತ್ತರಾಧಿಕಾರಿ ಸ್ಪಾಂಗೆನ್‌ಬರ್ಗ್. ಇಂದು ಜಗತ್ತು ವೋಲರನ ಹೆಸರಿನಿಂದ ಕರೆಯುತ್ತಿರುವ ರೇಖೆ ಅದೇ.

ಆಯಾಸ ಲಕ್ಷಗಟ್ಟಲೆ ಆವರ್ತನಗಳಲ್ಲಿ ಮೆಲ್ಲನೆ ಕೂಡುತ್ತದೆ; ಗಾಡಿಗೆ ಗಾಡಿಯನ್ನು ಬಡಿಸಿ ನೋಡುವ ಡಿಕ್ಕಿಯ ಪರೀಕ್ಷೆಗಳಲ್ಲಿಯಾದರೋ ಸಮಸ್ತವೂ ಒಂದು ಸೆಕೆಂಡಿನ ಆಚೀಚೆ ಮುಗಿದುಹೋಗುತ್ತದೆ. ಅಮೆರಿಕದ ಕೊಲೊರಾಡೋದ ಪ್ಯೂಬ್ಲೋದಲ್ಲಿ 2002ರಲ್ಲಿ ಸುಮಾರು 48 ಕಿಲೋಮೀಟರ್ ವೇಗದಲ್ಲಿ ಪ್ರಯಾಣಿಕ ಗಾಡಿಯೊಂದನ್ನು ನಿಂತ ಗಾಡಿಗೆ ಬಡಿಸಿದಾಗ ಮುಂದಿನ ಡಬ್ಬಿ ಎದುರಿನ ಎಂಜಿನಿನ ಮೇಲೇರಿ ನಜ್ಜುಗುಜ್ಜಾಯಿತು. ಡಿಕ್ಕಿಯ ಶಕ್ತಿಯನ್ನು ಹೀರಿಕೊಂಡು ಕ್ರಮವಾಗಿ ಕುಸಿಯುವಂತೆ ತುದಿಗಳನ್ನು ಕಟ್ಟಿದ ಡಬ್ಬಿಗಳಿಂದ 2006ರಲ್ಲಿ ಅದೇ ಪರೀಕ್ಷೆಯನ್ನು ನಡೆಸಿದಾಗ ಜನರು ಕುಳಿತುಕೊಳ್ಳುವ ಜಾಗವೆಲ್ಲ ಉಳಿಯಿತು. ಇಂತಹ ಡಿಕ್ಕಿಯಲ್ಲಿ ವೇಗೋತ್ಕರ್ಷಮಾಪಕ ಕೊಡುವ ಮೂಲರೇಖೆ ಮುಳ್ಳುಕಂಟಿಯಂತೆ ಕಾಣುವುದರಿಂದ, ತಂತ್ರಾಂಶವು ಅದನ್ನು ಸೋಸಿ ನಯಗೊಳಿಸುತ್ತದೆ. ಸೋಸುವುದು ಅವಶ್ಯಕವೇ, ಆದರೆ ಸೋಸಿದಷ್ಟೂ ಶಿಖರ ತಗ್ಗುತ್ತದೆ. ನಯವಾದ, ಬಣ್ಣ ತುಂಬಿದ ಚಿತ್ರವೊಂದನ್ನು ಮುಂದಿಟ್ಟು ಎಲ್ಲವೂ ಕ್ಷೇಮವೆಂದು ಹೇಳುವವರನ್ನು, ಯಾವ ಮಟ್ಟದಲ್ಲಿ ಸೋಸಿದಿರಿ ಎಂದು ಕೇಳದೆ ನಾನಂತೂ ನಂಬಲಾರೆನು.

ಬೆಂಗಳೂರಿನ ಬಿಇಎಂಎಲ್ ನಿರ್ಮಿಸಿದ ವಂದೇ ಭಾರತ್ ಸ್ಲೀಪರ್ ಗಾಡಿ 2025ರ ಜನವರಿಯಲ್ಲಿ ಕೋಟಾ ವಿಭಾಗದಲ್ಲಿ 180 ಕಿಲೋಮೀಟರ್ ವೇಗದಲ್ಲಿ ಓಡಿದಾಗ, ತುಂಬಿದ ನೀರಿನ ಲೋಟ ತುಳುಕದೆ ನಿಂತ ದೃಶ್ಯವನ್ನು ದೇಶವೆಲ್ಲ ನೋಡಿ ಸಂತೋಷಪಟ್ಟಿತು. ನಮ್ಮ ಊರಿನಲ್ಲಿ ಕಟ್ಟಿದ ಗಾಡಿಯೆಂಬ ಹೆಮ್ಮೆ ನನಗೂ ಉಂಟು. ಆದರೆ ಲೋಟ ಹೇಳುವುದು ಪ್ರಯಾಣದ ಸುಖವನ್ನು ಮಾತ್ರ. ಗಾಲಿ ಹಳಿಯನ್ನೇರಿ ಹೊರಬೀಳುವ ಭಯವಿದೆಯೇ ಎಂಬುದನ್ನು ತಿಳಿಸುವುದು ಗಾಲಿಯು ಹಳಿಯನ್ನು ಪಕ್ಕಕ್ಕೆ ತಳ್ಳುವ ಬಲಕ್ಕೂ ಕೆಳಕ್ಕೆ ಅದುಮುವ ಬಲಕ್ಕೂ ಇರುವ ಅನುಪಾತ, ಬೆಸುಗೆಯ ಆಯುಷ್ಯವನ್ನು ತಿಳಿಸುವುದು ಆ ಮಳೆಯ ಲೆಕ್ಕ. ಪ್ಯೂಬ್ಲೋದ ಡಿಕ್ಕಿಗಳ ವರದಿಗಳು ರೇಖಾಚಿತ್ರಗಳ ಸಮೇತ ಸಾರ್ವಜನಿಕರಿಗೆ ದೊರೆಯುತ್ತವೆ. ನಮ್ಮ ರೈಲ್ವೆ ಇಲಾಖೆಯೂ ಮುಂದಿನ ಪರೀಕ್ಷೆಯ ಲೋಟದ ಚಿತ್ರದೊಡನೆ ಆ ಓಟದ ರೇಖೆಗಳನ್ನು, ಸೋಸಿದುವನ್ನೂ ಸೋಸದುವನ್ನೂ, ಪ್ರಕಟಿಸಲಿ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ಅವನ್ನು ಬಿಡಿಸಿ ಓದಿ ಕಲಿಯಲಿ.